ರನ್‌ಫ್ಲ್ಯಾಟ್ ತೆಗೆಸಿ ಮಾಮೂಲಿ ಟೈರು, ರಿಮ್ಮು ಹಾಕಿಸಿದ್ದು: ಹುಬ್ಬಳ್ಳಿಯ ನನ್ನ ಅನುಭವ

ಹಳೇ ಜರ್ಮನ್ ಸೆಡಾನ್ ಕೊಳ್ಳುವಾಗ ಎಲ್ಲರೂ ಎಂಜಿನ್ ಸದ್ದು ಕೇಳುತ್ತಾರೆ, ಸರ್ವಿಸ್ ಹಿಸ್ಟರಿ ನೋಡುತ್ತಾರೆ. ಡಿಕ್ಕಿಯ ಹಾಸು ಎತ್ತಿ ನೋಡುವವರು ಕಡಿಮೆ. ಎತ್ತಿದರೆ ಎಷ್ಟೋ ಗಾಡಿಗಳಲ್ಲಿ, ನನ್ನದರಲ್ಲೂ, ಸ್ಟೆಪ್ನಿ ಇರುವುದಿಲ್ಲ. ಜಾಕ್ ಇಲ್ಲ, ಪಾನಾ ಇಲ್ಲ. ಅದೆಲ್ಲದರ ಕೆಲಸ ರನ್‌ಫ್ಲ್ಯಾಟ್, ಅಂದರೆ ಹವಾ ಹೋದರೂ ಓಡುವ ಟೈರೇ ಮಾಡಬೇಕು ಅನ್ನೋದು ಕಂಪನಿಯ ಲೆಕ್ಕ. ಹಾಗಾಗಿ ರನ್‌ಫ್ಲ್ಯಾಟ್ ತೆಗೆಸಿದರೆ ಬರೀ ಟೈರು ಹೋಗುವುದಿಲ್ಲ, ದಾರಿಯಲ್ಲಿ ಕೈಕೊಟ್ಟಾಗಿನ ಇಡೀ ವ್ಯವಸ್ಥೆಯೇ ಹೋಗುತ್ತದೆ. ಅದನ್ನು ನಾವೇ ಮತ್ತೆ ಕಟ್ಟಿಕೊಳ್ಳಬೇಕು. "ಟೈರ್ ಬದಲಿಸಿದೆ, ಗಾಡಿ ಮೆತ್ತಗಾಯ್ತು" ಅನ್ನುವ ಅರ್ಧ ಕತೆಯನ್ನೇ ಸಿಕ್ಕವರೆಲ್ಲ ಹೇಳುತ್ತಾರೆ, ಅದಕ್ಕೇ ಇದನ್ನು ಮೊದಲೇ ಹೇಳಿಬಿಟ್ಟೆ.

ರನ್‌ಫ್ಲ್ಯಾಟ್ ಅಂದರೆ ಪಕ್ಕೆ ಗಟ್ಟಿ ಮಾಡಿದ ಟೈರು. ಹವಾ ಪೂರ್ತಿ ಹೋದರೂ ಆ ದಪ್ಪ ಪಕ್ಕೆಯೇ ಗಾಡಿಯ ಭಾರ ಹೊರುತ್ತದೆ. ವೇಗ ಗಂಟೆಗೆ 80 ಕಿ.ಮೀ. ದಾಟದಂತೆ ಸುಮಾರು 80 ಕಿ.ಮೀ. ಹೋಗಬಹುದು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನಿಮ್ಮ ಗಾಡಿಯಲ್ಲಿರುವುದು ಅದೇನಾ ಅಂತ ಗೊತ್ತಾಗಬೇಕಾದರೆ ಟೈರಿನ ಪಕ್ಕೆ ಓದಿ. ಬ್ರಿಜ್‌ಸ್ಟೋನ್ ಆದರೆ ಆರ್‌ಎಫ್‌ಟಿ, ಗುಡ್‌ಇಯರ್ ಆದರೆ ಆರ್‌ಒಎಫ್, ಕಾಂಟಿನೆಂಟಲ್ ಆದರೆ ಎಸ್‌ಎಸ್‌ಆರ್, ಮಿಶೆಲಿನ್ ಆದರೆ ಜೆಡ್‌ಪಿ ಅಂತ ಬರೆದಿರುತ್ತದೆ.

ಐಡಿಯಾ ಒಳ್ಳೆಯದೇ. ಆದರೆ ಅದು ಮೊಳೆಗೆ ಮದ್ದು, ತೆಗ್ಗಿಗಲ್ಲ. ನಮ್ಮ ಕಡೆ ಕಾಟ ಕೊಡುವುದು ತೆಗ್ಗು. ಹುಬ್ಬಳ್ಳಿಯಿಂದ ಅಣ್ಣಿಗೇರಿ ಮೇಲೆ ಗದಗಕ್ಕೆ ಹೋಗಿ, ಇಲ್ಲಾ ನವಲಗುಂದದ ಕಡೆ ಹೋಗಿ, ಎರಡೂ ಬದಿಗೆ ಎರಿ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲ. ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬ್ಯಾಸಗಿಗೆ ಬಿರಿಯುತ್ತದೆ. ಮೇಲೆ ಎಷ್ಟೇ ಚೆಂದ ಡಾಂಬರು ಹಾಕಿದರೂ ಕೆಳಗಿನ ನೆಲ ಸುಮ್ಮನಿರುವುದಿಲ್ಲ. ಊರೊಳಗೆ ಬಂದರೆ ಪೈಪಿಗೆ ಅಗೆದು ಅರೆಬರೆ ಮುಚ್ಚಿದ ಪಟ್ಟಿಗಳು. ಗಟ್ಟಿ ಪಕ್ಕೆಯ ಟೈರಿನಲ್ಲಿ ಇದೆಲ್ಲ ನೇರ ಸ್ಟೀರಿಂಗಿಗೆ, ಅಲ್ಲಿಂದ ಬೆನ್ನಿಗೆ. ಹೊಸ ಕೊಲ್ಹಾಪುರಿ ಚಪ್ಪಲಿ ಹಾಕಿಕೊಂಡು ಜಲ್ಲಿ ಮೇಲೆ ನಡೆದ ಹಾಗೆ.

ತೆಗ್ಗಿನ ಅಂಚು ಚೂಪಾಗಿದ್ದರೆ ಟೈರಿನ ಪಕ್ಕೆ ಆ ಅಂಚಿಗೂ ರಿಮ್ಮಿಗೂ ನಡುವೆ ಸಿಕ್ಕಿ ಜಜ್ಜಿಹೋಗುತ್ತದೆ. ಒಳಗಿನ ದಾರ ಹರಿದು ಅಲ್ಲಿ ಗುಳ್ಳೆ ಏಳುತ್ತದೆ. ನನ್ನ ಮುಂದಿನ ಎಡ ಟೈರಿನಲ್ಲಿ ಎದ್ದದ್ದು ಹೆಬ್ಬೆರಳಿನಷ್ಟು. ಗುಳ್ಳೆಗೆ ರಿಪೇರಿ ಅಂತ ಇಲ್ಲ, ರನ್‌ಫ್ಲ್ಯಾಟ್ ಆದರೂ ಅಷ್ಟೇ, ಮಾಮೂಲಿ ಆದರೂ ಅಷ್ಟೇ. ಬದಲಿಸಲೇಬೇಕು. ಆಗ ರೇಟು ವಿಚಾರಿಸಿದೆ. 2020ರ ಜೂನ್‌ನಲ್ಲಿ ಸರ್ಕಾರ ಕಾರು ಟೈರುಗಳ ಆಮದಿಗೆ ಲೈಸೆನ್ಸ್ ಬೇಕು ಅಂತ ಮಾಡಿದ ಮೇಲೆ ಹೊರಗಿನಿಂದ ಬರುವ ಇಂಥ ಟೈರು ಸಿಗುವುದೇ ಕಷ್ಟ ಆಗಿತ್ತು. ನಮ್ಮೂರಲ್ಲಂತೂ ಯಾರ ಹತ್ತಿರವೂ ಸ್ಟಾಕ್ ಇರಲಿಲ್ಲ, ಬೆಂಗಳೂರಿಂದ ತರಿಸುತ್ತೇವೆ ಅಂದರು. ನಾಲ್ಕು ರನ್‌ಫ್ಲ್ಯಾಟಿಗೆ ಕೇಳಿದ ದುಡ್ಡಲ್ಲಿ ಕೊನೆಗೆ ನನಗೆ ಐದು ಮಾಮೂಲಿ ಟೈರು, ಐದು ಹಳೇ ರಿಮ್ಮು, ಜಾಕು, ಕಂಪ್ರೆಸರ್ ಎಲ್ಲಾ ಬಂದು ಸ್ವಲ್ಪ ಉಳಿಯಿತು ಕೂಡ.

ರಿಮ್ಮು ಯಾಕೆ ಬದಲಿಸಿದಿರಿ ಅಂತ ಕೇಳಬಹುದು. ಬದಲಿಸಲೇಬೇಕು ಅಂತೇನಿಲ್ಲ. ರನ್‌ಫ್ಲ್ಯಾಟ್ ರಿಮ್ಮಿನಲ್ಲಿ ಹವಾ ಹೋದಾಗ ಟೈರು ಜಾರದಂತೆ ಒಳಗೆ ಒಂದು ಏಣು ಸ್ವಲ್ಪ ಎತ್ತರವಾಗಿರುತ್ತದೆ, ಅಷ್ಟೇ. ಅದೇ ಅಳತೆಯ ಮಾಮೂಲಿ ಟೈರು ಅದರ ಮೇಲೆ ಸಲೀಸಾಗಿ ಕೂರುತ್ತದೆ. ಕೂರದೇ ಇರುವ ಜಾತಿಯೂ ಒಂದಿತ್ತು, ಮಿಶೆಲಿನ್‌ನ ಪ್ಯಾಕ್ಸ್. ಅಮೆರಿಕದ ಹೋಂಡಾ ಒಡಿಸ್ಸಿ ಮಿನಿವ್ಯಾನ್‌ನ ಟೂರಿಂಗ್ ಮಾಡೆಲ್‌ಗೆ 2005ರಿಂದ ಬರುತ್ತಿತ್ತು. ಅದರಲ್ಲಿ ಭಾರ ಹೊರುವುದು ಪಕ್ಕೆಯಲ್ಲ, ಟೈರಿನೊಳಗೆ ರಿಮ್ಮಿಗೆ ತೊಡಿಸಿದ ಬಳೆ. ರಿಮ್ಮಿನ ಒಳಬದಿ, ಹೊರಬದಿ ಎರಡರ ವ್ಯಾಸವೂ ಬೇರೆ ಬೇರೆ. ಆ ರಿಮ್ಮಿಗೆ ಬೇರೆ ಯಾವ ಟೈರೂ ಹತ್ತುವುದಿಲ್ಲ. ಅದು ಬೇಡ ಅಂದವರು ನಾಲ್ಕೂ ರಿಮ್ಮು ಹೊಸದು ಕೊಳ್ಳಲೇಬೇಕಿತ್ತು. ನಮ್ಮ ಕಡೆ ಆ ತಲೆನೋವಿಲ್ಲ.

ನಾನು ರಿಮ್ಮು ಬದಲಿಸಿದ್ದು ಪಕ್ಕೆಯ ಎತ್ತರಕ್ಕೋಸ್ಕರ. ಗಾಡಿಯಲ್ಲಿ ಇದ್ದದ್ದು 225/50 ಆರ್17, ಅಂದರೆ ಅಗಲ 225 ಮಿ.ಮೀ., ಪಕ್ಕೆ ಅದರ 50 ಪರ್ಸೆಂಟ್, ರಿಮ್ಮು 17 ಇಂಚು. ಪಕ್ಕೆಯ ಎತ್ತರ 225ರ ಅರ್ಧ, ಅಂದರೆ 112.5 ಮಿ.ಮೀ. 225/55 ಆರ್16 ಹಾಕಿದರೆ ಅದು ಸುಮಾರು 124 ಮಿ.ಮೀ. ಆಗುತ್ತದೆ. ರಿಮ್ಮಿಗೂ ರಸ್ತೆಗೂ ನಡುವೆ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ಗಾಳಿ, ರಬ್ಬರು ಜಾಸ್ತಿ. ಟೈರಿನ ಒಟ್ಟು ವ್ಯಾಸ ಮೊದಲು 657 ಮಿ.ಮೀ. ಇತ್ತು, ಈಗ 654. ವ್ಯತ್ಯಾಸ ಅರ್ಧ ಪರ್ಸೆಂಟೂ ಇಲ್ಲ, ಹಾಗಾಗಿ ಸ್ಪೀಡೋಮೀಟರಿಗೂ ಏನೂ ಆಗಲಿಲ್ಲ. ಎಲ್ಲಕ್ಕಿಂತ ಮುಖ್ಯ, ಡ್ರೈವರ್ ಬಾಗಿಲ ಕಂಬದ ಸ್ಟಿಕರಿನಲ್ಲಿ ಈ 16 ಇಂಚಿನ ಅಳತೆಯೂ ಇತ್ತು. ಅಲ್ಲಿ ಇಲ್ಲದ ಅಳತೆಗೆ ಕೈ ಹಾಕಬೇಡಿ ಅಂತಲೇ ನನ್ನ ಸಲಹೆ. ಚಿಕ್ಕ ರಿಮ್ಮು ಬ್ರೇಕ್ ಕ್ಯಾಲಿಪರಿಗೆ ಬಡಿಯಬಹುದು. ಲೋಡ್ ಇಂಡೆಕ್ಸೂ (ಟೈರು ಎಷ್ಟು ಭಾರ ಹೊರುತ್ತದೆ ಅನ್ನುವ ಅಂಕಿ) ಮೊದಲಿನದಕ್ಕಿಂತ ಕಡಿಮೆ ಆಗಬಾರದು. ಹಳೇ ಟೈರಿನದು 94, ಅಂದರೆ ಒಂದೊಂದಕ್ಕೆ 670 ಕೆ.ಜಿ. ನಾನು ತಗೊಂಡದ್ದು 95, ಅಂದರೆ 690 ಕೆ.ಜಿ.

ಹಳೇ ರಿಮ್ಮು ಸಿಕ್ಕಿದ್ದು ಅದೇ ಕಂಪನಿಯ ಬೇರೊಂದು ಗಾಡಿಯದು. ಮಾಲೀಕ ದೊಡ್ಡ ಅಲಾಯ್ ಹಾಕಿಸಿ ಇದನ್ನು ಮಾರುತ್ತಿದ್ದ. ಒಂದೇ ಕಂಪನಿಯದಾದರೆ ಅನುಕೂಲ ಏನಂದರೆ, ಐದು ಬೋಲ್ಟಿನ ಅಂತರ, ನಡುವಿನ ತೂತು, ಬೋಲ್ಟಿನ ತಲೆ ಕೂರುವ ಇಳಿಜಾರು ಸಾಮಾನ್ಯವಾಗಿ ಹೊಂದುತ್ತವೆ. ಹೊರಗಿನ ಅಲಾಯ್ ಆದರೆ ನಡುವಿನ ತೂತಿಗೆ ರಿಂಗ್ ಹಾಕಬೇಕಾಗಬಹುದು, ಬೋಲ್ಟು ಬೇರೆ ಹುಡುಕಬೇಕಾಗಬಹುದು. ಒಂದೇ ಕಂಪನಿ ಅಂದ ಮಾತ್ರಕ್ಕೆ ಕಣ್ಣು ಮುಚ್ಚಿ ತರಬೇಡಿ, ಚಕ್ರ ಎಷ್ಟು ಒಳಗೆ ಇಲ್ಲಾ ಹೊರಗೆ ಕೂರುತ್ತದೆ ಅಂತ ಹೇಳುವ ಆಫ್‌ಸೆಟ್ ಸಂಖ್ಯೆ ರಿಮ್ಮಿನ ಕಡ್ಡಿಯ (ಸ್ಪೋಕಿನ) ಹಿಂದೆ ಬರೆದಿರುತ್ತದೆ, ಅದನ್ನೂ ನೋಡಿ. ಇನ್ನೊಂದು ಮಾತು. ಹಳೇ ರಿಮ್ಮಿನ ಮುಂಭಾಗ ನೋಡಿ ದುಡ್ಡು ಕೊಡಬೇಡಿ. ಹೊರಗೆ ಪೇಂಟು ಹೊಡೆದು ಫಳಫಳ ಮಾಡಿರುತ್ತಾರೆ. ತಿರುಗಿಸಿ ಒಳಗಿನ ಅಂಚಿನ ಸುತ್ತ ಬೆರಳಾಡಿಸಿ. ವೆಲ್ಡಿಂಗ್ ಮಾಡಿ ತಿಕ್ಕಿದ ಜಾಗ ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಿಗುತ್ತದೆ. ಆಮೇಲೆ ಟೈರಿಲ್ಲದೆ ಬರೀ ರಿಮ್ಮನ್ನು ಬ್ಯಾಲೆನ್ಸಿಂಗ್ ಮಷಿನ್ನಿಗೆ ಹಾಕಿ ತಿರುಗಿಸಿ. ಸೊಟ್ಟ ಇದ್ದರೆ ಅಲ್ಲೇ ಕುಣಿಯುತ್ತದೆ. ನಾನು ನೋಡಿದ ಒಂದು ರಿಮ್ಮು ಹೀಗೇ ಕುಣಿಯಿತು, ಅದನ್ನು ಬಿಟ್ಟು ಬೇರೆ ತಂದೆ.

ಕೆಲಸ ಮಾಡಿಸಿದ್ದು ಗೋಕುಲ ರೋಡಿನ ಒಂದು ಅಂಗಡಿಯಲ್ಲಿ. ಆರಿಸಿಕೊಂಡದ್ದು ಅವರ ಮಷಿನ್ ನೋಡಿ. ರನ್‌ಫ್ಲ್ಯಾಟಿನ ಪಕ್ಕೆ ಬಗ್ಗುವುದಿಲ್ಲ, ಬಿಚ್ಚಲು ಪಕ್ಕದಿಂದ ಒತ್ತಿ ಹಿಡಿಯುವ ಇನ್ನೊಂದು ಕೈ ಇರುವ ಮಷಿನ್ ಬೇಕು. ನಿಮ್ಮದೇ ರಿಮ್ಮಿಗೆ ಮಾಮೂಲಿ ಟೈರು ಹಾಕಿಸುವುದಾದರೆ ಇದು ಇನ್ನೂ ಮುಖ್ಯ, ಇಲ್ಲದಿದ್ದರೆ ಸಬ್ಬಲ್ ಹಾಕಿ ಎಬ್ಬಿ ರಿಮ್ಮಿನ ಅಂಚು ಕಿತ್ತುಬಿಡುತ್ತಾರೆ. ನಾನು 17 ಇಂಚಿನ ರಿಮ್ಮು ಖಾಲಿ ಮಾಡಿ ಇಟ್ಟುಕೊಳ್ಳಬೇಕಿತ್ತು, ಹಾಗಾಗಿ ಬಿಚ್ಚಿಸಿದೆ.

ಹಿಂದಿನ ಬಲ ಟೈರು ಬಿಚ್ಚಿದಾಗ ಒಳಗಿಂದ ಕರೀ ಪುಡಿ ಸುರಿಯಿತು. ಮುಷ್ಟಿ ತುಂಬ ರಬ್ಬರಿನ ಪುಡಿ. ಟಾರ್ಚ್ ಹಾಕಿ ನೋಡಿದರೆ ಪಕ್ಕೆಯ ಒಳಗೆ ಸುತ್ತಲೂ ಒಂದು ಗೀರು, ಅಲ್ಲಿ ರಬ್ಬರು ಸವೆದು ಒರಟಾಗಿತ್ತು. ಅಂದರೆ ಹಿಂದಿನ ಮಾಲೀಕರ ಕಾಲದಲ್ಲೇ ಹವಾ ಇಲ್ಲದೆ ಅದು ಸಾಕಷ್ಟು ದೂರ ಓಡಿದೆ. ಆಮೇಲೆ ಯಾರೋ ಹೊರಗಿಂದ ಒಂದು ಪಂಕ್ಚರ್ ಬತ್ತಿ ಚುಚ್ಚಿ ಹವಾ ತುಂಬಿದ್ದಾರೆ. ಹೊರಗೆ ಟೈರು ಹೊಸದರ ಹಾಗೇ ಇತ್ತು! ಖಾಲಿ ಓಡಿದ ರನ್‌ಫ್ಲ್ಯಾಟಿಗೆ ಪಂಕ್ಚರ್ ಹಾಕಬೇಡಿ ಅಂತ ಟೈರ್ ಕಂಪನಿಗಳು ಹೇಳುವುದು ಇದಕ್ಕೇ. ಎಷ್ಟು ದೂರ ಓಡಿತ್ತು, ಒಳಗೆ ಎಷ್ಟು ಸುಟ್ಟಿದೆ ಅಂತ ಹೊರಗಿಂದ ಗೊತ್ತಾಗುವುದಿಲ್ಲ. ಬೈಪಾಸಿನಲ್ಲಿ ಮನೆಯವರನ್ನೆಲ್ಲ ಕೂರಿಸಿಕೊಂಡು ಇದೇ ಟೈರಿನ ಮೇಲೆ ಓಡಾಡಿದ್ದೆವಲ್ಲ ಅಂತ ಎದೆ ಝಲ್ಲೆಂದಿತು.

ಹೊಸ ಟೈರು ಕೂರಿಸುವ ಮೊದಲು ತಯಾರಾದ ವಾರ ನೋಡಿಕೊಂಡೆ. ಟೈರಿನ ಪಕ್ಕೆಯ ಮೇಲೆ ಡಿಒಟಿ ಅಂತ ಶುರುವಾಗುವ ಗುರುತಿನ ಕೊನೆಯ ನಾಲ್ಕು ಅಂಕಿ. 3221 ಅಂದರೆ 2021ರ 32ನೇ ವಾರ. ವಾಲ್ವ್ ಹೊಸದು ಹಾಕಿಸಿದೆ. ಬೋಲ್ಟುಗಳನ್ನು ಮೊದಲು ಕೈಯಿಂದಲೇ ತಿರುಗಿಸಿ, ಕೊನೆಗೆ ಟಾರ್ಕ್ ಪಾನಾದಿಂದ ಬಿಗಿಯಿರಿ ಅಂತ ಕೇಳಿಕೊಂಡೆ. ನನ್ನ ಗಾಡಿಗೆ ಅದು 140 ನ್ಯೂಟನ್ ಮೀಟರ್. ಹುಡುಗರು ಗನ್ ಹಿಡಿದು ಟರ್ ಅಂತ ಬಿಗಿದು ಬಿಡುತ್ತಾರೆ, ಆಮೇಲೆ ರಸ್ತೆಯಲ್ಲಿ ನಾವು ಪಾನಾ ಮೇಲೆ ನಿಂತು ಕುಣಿದರೂ ಬಿಚ್ಚುವುದಿಲ್ಲ. ಅಲೈನ್‌ಮೆಂಟ್ ಆದ ಮೇಲೆ ಡ್ಯಾಶ್‌ಬೋರ್ಡ್ ಮೆನುವಿನಲ್ಲಿ ಟೈರ್ ಮಾನಿಟರ್ ರೀಸೆಟ್ ಮಾಡಿದೆ. ನನ್ನ ಗಾಡಿಯಲ್ಲಿ ಚಕ್ರದೊಳಗೆ ಸೆನ್ಸರ್ ಇಲ್ಲ. ಎಬಿಎಸ್ ಸೆನ್ಸರ್‌ಗಳೇ ಯಾವ ಚಕ್ರ ಜಾಸ್ತಿ ತಿರುಗುತ್ತಿದೆ ಅಂತ ನೋಡಿ ಹವಾ ಕಡಿಮೆಯಾದದ್ದನ್ನು ಹೇಳುತ್ತವೆ. ಚಕ್ರದೊಳಗೆ ಸೆನ್ಸರ್ ಇರುವ ಗಾಡಿಯಾದರೆ ಹೊಸ ರಿಮ್ಮಿಗೆ ಅದನ್ನೂ ಹಾಕಿಸಬೇಕು.

ಇನ್ನು ಸ್ಟೆಪ್ನಿ. 2020ರಲ್ಲಿ ಬಂದ ನಿಯಮದ ಪ್ರಕಾರ ಟ್ಯೂಬ್‌ಲೆಸ್ ಟೈರು, ಪ್ರೆಶರ್ ಮಾನಿಟರ್, ರಿಪೇರಿ ಕಿಟ್ ಮೂರೂ ಇರುವ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಕಾನೂನು ಸರಿ, ಆದರೆ ಕಾರವಾರದ ಕಡೆ ಹೋಗುವವರು ಯೋಚಿಸಬೇಕು. ಯಲ್ಲಾಪುರ ದಾಟಿದರೆ ಅರಬೈಲ್ ಘಾಟ್, ಕಾಡು. ಅಲ್ಲಿ ರಾತ್ರಿ ಪಕ್ಕೆ ಸೀಳಿದರೆ ಕಿಟ್ಟು ಏನೂ ಮಾಡುವುದಿಲ್ಲ. ಹಾಗಾಗಿ ಐದನೇ ರಿಮ್ಮಿಗೂ ಅದೇ ಟೈರು ಹಾಕಿಸಿ, ಕವರ್ ತೊಡಿಸಿ ಡಿಕ್ಕಿಯಲ್ಲಿ ಮಲಗಿಸಿದೆ. ನೆಲದ ಕೊಕ್ಕೆಗಳಿಗೆ ಲಾರಿಯವರ ಬೆಲ್ಟಿನಿಂದ ಬಿಗಿದಿದ್ದೇನೆ, ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ಅಷ್ಟು ಭಾರ ಸೀಟಿಗೆ ಬಂದು ಗುದ್ದುತ್ತದೆ. ಡಿಕ್ಕಿಯ ಅರ್ಧ ಜಾಗ ಹೋಯಿತು. ಧಾರವಾಡಕ್ಕೆ ದಿನಾ ಓಡಾಡುವಾಗ ತೆಗೆದು ಮನೆಯಲ್ಲಿಟ್ಟಿರುತ್ತೇನೆ. ಊರೊಳಗೆ ಹೆಜ್ಜೆಗೊಂದು ಪಂಕ್ಚರ್ ಅಂಗಡಿ ಇದೆ, ಬತ್ತಿ ಕಿಟ್ಟು, ಕಂಪ್ರೆಸರ್ ಸಾಕು.

ಜಾಕ್ ತರುವಾಗ ಗಾಡಿಯ ಅಡಿಯಲ್ಲಿ ಜಾಕ್ ಕೊಡುವ ಪ್ಲಾಸ್ಟಿಕ್ ಗುಬ್ಬಿಗೆ ಹೊಂದುವ ರಬ್ಬರ್ ತಲೆಯದೇ ತಂದೆ. ಜೊತೆಗೆ ಒಂದು ಗೈಡ್ ಪಿನ್. ನಮ್ಮ ಬಹಳ ಗಾಡಿಗಳಲ್ಲಿ ಚಕ್ರವನ್ನು ಸ್ಟಡ್ಡಿಗೆ ನೇತುಹಾಕಿ ನಟ್ಟು ಬಿಗಿಯುತ್ತೇವೆ. ಈ ಗಾಡಿಯಲ್ಲಿ ಸ್ಟಡ್ಡೇ ಇಲ್ಲ, ಬೋಲ್ಟು ಹೊರಗಿಂದ ಹೋಗಬೇಕು. ಒಂದು ಕೈಯಲ್ಲಿ ಚಕ್ರ ಎತ್ತಿ ಹಿಡಿದು ಇನ್ನೊಂದು ಕೈಯಲ್ಲಿ ತೂತು ಹುಡುಕುವುದು ಕತ್ತಲಲ್ಲಿ ಆಗುವ ಮಾತಲ್ಲ. ಪಿನ್ನನ್ನು ಒಂದು ತೂತಿಗೆ ತಿರುಗಿಸಿ ಚಕ್ರವನ್ನು ಅದರ ಮೇಲೆ ಜಾರಿಸಿದರೆ ಉಳಿದದ್ದು ತಾನೇ ಹೊಂದುತ್ತದೆ. ಮನೆ ಮುಂದೆ ಒಮ್ಮೆ ಎಲ್ಲ ಬಿಚ್ಚಿ ಹಾಕಿ ನೋಡಿದೆ. ಮಗಳೂ ಕಲಿತಳು.

ಗಾಡಿ ಹೇಗಿದೆ ಅಂದರೆ, ಗದಗ ರೋಡಿನ ಏರಿಳಿತ ಈಗಲೂ ಇದೆ, ಆದರೆ ಬಡಿತ ಇಲ್ಲ. ತೆಗ್ಗಿಗೆ ಇಳಿದಾಗ ಲೋಹ ಬಡಿದಂಥ ಸದ್ದು ಹೋಗಿ ಧೊಪ್ ಅನ್ನುತ್ತದೆ. ಸ್ಟೀರಿಂಗ್ ಮೊದಲಿನಷ್ಟು ಚುರುಕಿಲ್ಲ. ತಿರುವಿನಲ್ಲಿ ಒಂದು ಕ್ಷಣ ತಡವಾಗಿ ಒಪ್ಪಿಕೊಳ್ಳುತ್ತದೆ. ಜೋರಾಗಿ ಓಡಿಸುವವರಿಗೆ ಬೇಜಾರಾಗಬಹುದು, ನನಗಿಲ್ಲ. ರಾತ್ರಿ ಒಬ್ಬರೇ ದೂರ ಓಡಾಡುವವರು, ರಸ್ತೆ ಬದಿಯಲ್ಲಿ ಚಕ್ರ ಬದಲಿಸಲು ಆಗದವರು ಇದ್ದರೆ ರನ್‌ಫ್ಲ್ಯಾಟನ್ನೇ ಇಟ್ಟುಕೊಳ್ಳಿ ಅಂತ ಹೇಳುತ್ತೇನೆ. ಎರಡು ರನ್‌ಫ್ಲ್ಯಾಟ್, ಎರಡು ಮಾಮೂಲಿ ಅಂತ ಕಲಸುಮೇಲೋಗರ ಮಾತ್ರ ಬೇಡ. ಹಿಂದೊಂದು ಮುಂದೊಂದು ಹಿಡಿತ ಆಗಿ ಮಳೆಯಲ್ಲಿ ಗಾಡಿ ಹೇಗೆ ಹೊರಳುತ್ತದೋ ಹೇಳಲಾಗದು.

ರಿಮ್ಮು ಬದಲಿಸಿದ ಮೇಲೆ ಸುಮಾರು ನೂರು ಕಿ.ಮೀ. ಓಡಿಸಿ ಬೋಲ್ಟುಗಳನ್ನು ಮತ್ತೊಮ್ಮೆ ಟಾರ್ಕ್ ಪಾನಾದಿಂದ ನೋಡಿಸಿ. ಹವಾ ಸ್ಟಿಕರಿನಲ್ಲಿ ಆ ಅಳತೆಗೆ ಬರೆದಷ್ಟೇ ಇರಲಿ, ಬೆಳಿಗ್ಗೆ ಟೈರು ತಣ್ಣಗಿದ್ದಾಗ ನೋಡಿ. ಡಿಕ್ಕಿಯ ಸ್ಟೆಪ್ನಿಗೆ ಮಾತ್ರ ನಾನು ಎರಡು ಮೂರು ಪಿಎಸ್‌ಐ ಜಾಸ್ತಿ ತುಂಬಿಸಿಡುತ್ತೇನೆ, ಬೇಕಾದಾಗ ಇಳಿಸಿಕೊಳ್ಳಬಹುದು.