ಸ್ಕೈಡೈವಿಂಗ್‌ಗೆ ಮೊದಲ ಸ್ವಂತ ಸೆಟ್: ಯಾರನ್ನು ಕೇಳಬೇಕು, ಯಾವುದನ್ನು ಮೊದಲು ಆರಿಸಬೇಕು

ಎ ಲೈಸೆನ್ಸ್ (ಸ್ಕೈಡೈವಿಂಗ್‌ನ ಮೊದಲ ಪರವಾನಗಿ) ಕೈಗೆ ಬಂದ ಕೂಡಲೇ ಹೆಚ್ಚಿನವರು ಹುಡುಕಲು ಶುರು ಮಾಡುವುದು ಮೇನ್ ಕ್ಯಾನಪಿಯನ್ನು, ಅಂದರೆ ಮುಖ್ಯ ಪ್ಯಾರಾಚೂಟನ್ನು. ಯಾವ ಕಂಪನಿ, ಯಾವ ಬಣ್ಣ, ಎಷ್ಟು ಚದರ ಅಡಿ ಎಂಬುದೇ ಮಾತು. ಆಮೇಲೆ ಅದು ಹಿಡಿಸುವ ಕಂಟೇನರ್ (ಬೆನ್ನಿನ ಚೀಲ), ಕೊನೆಗೆ ಆ ಕಂಟೇನರ್‌ನಲ್ಲಿ ತುರುಕಲು ಆಗುವಷ್ಟು ರಿಸರ್ವ್ (ತುರ್ತು ಪ್ಯಾರಾಚೂಟ್). ಈ ಕ್ರಮ ತಲೆಕೆಳಗು. ಮೊದಲು ರಿಸರ್ವ್, ಅದರೊಂದಿಗೆ ಮೈಗೆ ಹೊಂದುವ ಹಾರ್ನೆಸ್ (ಮೈಗೆ ಬಿಗಿಯುವ ಪಟ್ಟಿಗಳು) ಮತ್ತು ಕಂಟೇನರ್, ನಂತರ ಎಎಡಿ (ಕೆಳಮಟ್ಟದಲ್ಲೂ ವೇಗವಾಗಿ ಬೀಳುತ್ತಿದ್ದರೆ ರಿಸರ್ವ್ ಅನ್ನು ತಾನೇ ತೆರೆಯುವ ಸಾಧನ), ಎಲ್ಲಕ್ಕಿಂತ ಕೊನೆಗೆ ಮೇನ್. ಮೇನ್ ಅನ್ನು ನೂರು ಜಂಪ್ ಆದ ಮೇಲೆ ಮಾರಿ ಬೇರೆಯದು ಕೊಳ್ಳಬಹುದು. ರಿಸರ್ವ್ ಚಿಕ್ಕದಾಯಿತು ಅಂತ ಗೊತ್ತಾಗುವುದು ಅದರಡಿ ನೇತಾಡುವಾಗ.

ಯಾರ ಮಾತು ಯಾವ ವಿಷಯಕ್ಕೆ

ಡ್ರಾಪ್ ಝೋನ್‌ನಲ್ಲಿ (ಹಾರಿ ಇಳಿಯುವ ಮೈದಾನದಲ್ಲಿ) ಸಲಹೆಗೆ ಬರವಿಲ್ಲ, ಆದರೆ ಹೇಳುವವರ ಅರ್ಹತೆ ಯಾವುದಕ್ಕೆ ಸಂಬಂಧಿಸಿದ್ದು ಎಂದು ತಿಳಿದಿರಬೇಕು. ಅಮೆರಿಕದ ಪ್ಯಾರಾಚೂಟ್ ಸಂಘವಾದ ಯುಎಸ್‌ಪಿಎಯ ವ್ಯವಸ್ಥೆಯನ್ನೇ ನೋಡಿ. ಬೇರೆ ಸಂಘಗಳಲ್ಲಿ ಸಂಖ್ಯೆಗಳು ಬದಲಾಗುತ್ತವೆ, ಮೆಟ್ಟಿಲುಗಳು ಹೆಚ್ಚುಕಡಿಮೆ ಹೀಗೇ ಇರುತ್ತವೆ. ಎ ಲೈಸೆನ್ಸ್‌ಗೆ ಕನಿಷ್ಠ 25 ಜಂಪ್, ಬಿಗೆ 50, ಸಿಗೆ 200, ಡಿಗೆ 500. ಬಿ ಲೈಸೆನ್ಸ್ ಮತ್ತು 100 ಜಂಪ್ ಇದ್ದವರು ಕೋಚ್ ಕೋರ್ಸ್‌ಗೆ ಸೇರಬಹುದು. ಕೋಚ್ ಆದವರು ಮೊದಲ ಜಂಪಿನ ತರಗತಿಯ ಸಾಮಾನ್ಯ ಭಾಗಗಳನ್ನು ಇನ್‌ಸ್ಟ್ರಕ್ಟರ್ ಉಸ್ತುವಾರಿಯಲ್ಲಿ ಕಲಿಸಬಹುದು. ಫ್ರೀಫಾಲ್‌ನಲ್ಲಿ (ಪ್ಯಾರಾಚೂಟ್ ತೆರೆಯುವ ಮೊದಲು ಬೀಳುವಾಗ) ತಮ್ಮನ್ನು ತಾವು ನೋಡಿಕೊಳ್ಳಬಲ್ಲರು ಎಂದು ಪಾಸಾದ ವಿದ್ಯಾರ್ಥಿಗಳ ಜೊತೆ ಹಾರಬಹುದು. ಎಎಫ್‌ಎಫ್ (ಇನ್‌ಸ್ಟ್ರಕ್ಟರ್ ಪಕ್ಕದಲ್ಲೇ ಬೀಳುತ್ತ ಫ್ರೀಫಾಲ್ ಕಲಿಸುವ ಪದ್ಧತಿ) ವಿದ್ಯಾರ್ಥಿಯನ್ನು ಹಿಡಿದುಕೊಂಡು ಹಾರುವ ಅಧಿಕಾರ ಅವರಿಗಿಲ್ಲ.

ಎಎಫ್‌ಎಫ್ ಇನ್‌ಸ್ಟ್ರಕ್ಟರ್ ಆಗಲು ಕನಿಷ್ಠ 6 ಗಂಟೆ ಫ್ರೀಫಾಲ್ ಬೇಕು. ಒಂದು ಜಂಪಿಗೆ ಸುಮಾರು ಒಂದು ನಿಮಿಷ ಎಂದು ಹಿಡಿದರೂ 360 ಜಂಪ್ ಆಯಿತು. ಪರೀಕ್ಷೆಯಲ್ಲಿ ಪರೀಕ್ಷಕರೇ ವಿದ್ಯಾರ್ಥಿಯ ಪಾತ್ರ ಮಾಡುತ್ತಾರೆ: ಬೇಕೆಂದೇ ಗಿರಗಿರನೆ ತಿರುಗುತ್ತಾರೆ, ಮಗುಚಿಕೊಳ್ಳುತ್ತಾರೆ, ಎತ್ತರ ಮರೆತವರಂತೆ ನಟಿಸುತ್ತಾರೆ. ಅಭ್ಯರ್ಥಿ ಹತ್ತಿರವೇ ಉಳಿದು, ಸಮಯಕ್ಕೆ ಸರಿಯಾಗಿ ಕೈಹಾಕಬೇಕು. ಟ್ಯಾಂಡೆಮ್ (ಇನ್ನೊಬ್ಬರನ್ನು ಮೈಗೆ ಕಟ್ಟಿಕೊಂಡು ಹಾರುವ) ಇನ್‌ಸ್ಟ್ರಕ್ಟರ್‌ಗೆ ಡಿ ಲೈಸೆನ್ಸ್, 500 ಜಂಪ್, ಕ್ರೀಡೆಯಲ್ಲಿ 3 ವರ್ಷ, ಜೊತೆಗೆ ವೈದ್ಯಕೀಯ ಪ್ರಮಾಣಪತ್ರ.

ಇವುಗಳಲ್ಲಿ ಯಾವ ಅರ್ಹತೆಯೂ ಹಳೆಯ ಲೈನ್ (ಕ್ಯಾನಪಿಯ ದಾರ) ಇನ್ನೆಷ್ಟು ಜಂಪ್ ಬಾಳುತ್ತದೆ ಎಂದು ಹೇಳುವ ಅರ್ಹತೆಯಲ್ಲ. ಅದು ರಿಗ್ಗರ್ (ಪ್ಯಾರಾಚೂಟ್ ಪರೀಕ್ಷಿಸಿ, ಮಡಚಿ, ದುರಸ್ತಿ ಮಾಡುವವರು) ಕೆಲಸ, ಅದಕ್ಕೆ ಬೇರೆಯೇ ಪರವಾನಗಿ ಇದೆ. ಹಾಗಾಗಿ ಸಲಹೆಯನ್ನು ಹಂಚಿ ಕೇಳಿ. ಕ್ಯಾನಪಿಯ ಅಳತೆಯನ್ನು ನಿಮ್ಮ ಇತ್ತೀಚಿನ ಹತ್ತು ಲ್ಯಾಂಡಿಂಗ್‌ಗಳನ್ನು ಕಣ್ಣಾರೆ ನೋಡಿದ ಇನ್‌ಸ್ಟ್ರಕ್ಟರ್ ಹತ್ತಿರ, ಸೆಟ್‌ನ ಸ್ಥಿತಿಯನ್ನು ರಿಗ್ಗರ್ ಹತ್ತಿರ, ಗುಂಪಿನಲ್ಲಿ ಹಾರುವುದನ್ನು ಕೋಚ್ ಹತ್ತಿರ. ಸಾವಿರಾರು ಜಂಪ್ ಮಾಡಿದ ಮಾತ್ರಕ್ಕೆ 30 ಜಂಪ್ ಮಾಡಿದವರ ಕೈ ಎಷ್ಟು ನಿಧಾನ ಎಂಬುದು ನೆನಪಿರುತ್ತದೆ ಎಂದೇನಿಲ್ಲ. ಇನ್ನು ಸೆಟ್ ಮಾರುವವರೇ ಅಳತೆಯನ್ನೂ ಹೇಳುತ್ತಿದ್ದರೆ, ಎರಡನೆಯವರೊಬ್ಬರನ್ನು ಕೇಳದೆ ಮುಂಗಡ ಕೊಡಬೇಡಿ.

ಕೋಚ್ ಆಯ್ಕೆಗೆ ಒಂದೇ ಗುರುತು ಸಾಕು. ಒಳ್ಳೆಯ ಕೋಚ್ ಒಂದು ಜಂಪಿಗೆ ಒಂದೋ ಎರಡೋ ಗುರಿ ಇಡುತ್ತಾರೆ, ನೆಲದ ಮೇಲೆ ಅದನ್ನೇ ಮೂರ್ನಾಲ್ಕು ಸಲ ನಡೆಸಿ ತೋರಿಸುತ್ತಾರೆ, ಇಳಿದ ಮೇಲೆ ವಿಡಿಯೊ ಹಾಕುವ ಮೊದಲು ‘ಏನಾಯಿತು ಹೇಳಿ’ ಎಂದು ನಿಮ್ಮನ್ನೇ ಕೇಳುತ್ತಾರೆ. ಒಂದೇ ಉಸಿರಿಗೆ ಎಂಟು ತಪ್ಪು ಎಣಿಸುವವರಿಂದ ಮುಂದಿನ ಜಂಪಿನಲ್ಲಿ ಒಂದೂ ಸರಿಹೋಗದು.

ರಿಸರ್ವ್

ರಿಸರ್ವ್ ತೆರೆಯುವ ದಿನ ಪರಿಸ್ಥಿತಿ ಕೆಟ್ಟೇ ಇರುತ್ತದೆ: ಎತ್ತರ ಕಡಿಮೆ, ಇಳಿಯುವ ಜಾಗ ಗೊತ್ತಿಲ್ಲ, ಕೈಯೋ ಭುಜವೋ ನೊಂದಿರಬಹುದು. ಪ್ರಜ್ಞೆ ತಪ್ಪಿ ಎಎಡಿ ತೆರೆದಿದ್ದರೆ, ಮಡಚುವಾಗ ಅರ್ಧ ಎಳೆದು ಸಿಕ್ಕಿಸಿಟ್ಟ ಬ್ರೇಕ್ ಬಿಚ್ಚುವವರೂ ಇಲ್ಲ, ಕ್ಯಾನಪಿ ಅರ್ಧ ಬ್ರೇಕಿನಲ್ಲೇ ನೆಲ ಮುಟ್ಟುತ್ತದೆ. ಆದ್ದರಿಂದ ಹೊಸಬರ ರಿಸರ್ವ್ ಮೇನ್‌ನಷ್ಟೇ ಅಥವಾ ಅದಕ್ಕಿಂತ ತುಸು ದೊಡ್ಡದಿರಲಿ. ಅದರ ಪಟ್ಟಿಯ ಮೇಲೆ ಅಚ್ಚಾಗಿರುವ ಗರಿಷ್ಠ ತೂಕವನ್ನು ಓದಿ, ಆ ಮಿತಿಯ ಅಂಚಿಗೂ ಹೋಗಬೇಡಿ. ರಿಸರ್ವ್‌ಗಳು ಸಾಮಾನ್ಯವಾಗಿ ಏಳು ಸೆಲ್‌ನವು (ಸೆಲ್ ಎಂದರೆ ಗಾಳಿ ತುಂಬುವ ಕೋಣೆ), ಬಟ್ಟೆಯಲ್ಲಿ ಸ್ವಲ್ಪ ಗಾಳಿ ಹಾಯುತ್ತದೆ. ಒಂಬತ್ತು ಸೆಲ್‌ನ ಝೀರೋ ಪೋರೋಸಿಟಿ (ಗಾಳಿ ಹಾಯದ ಬಟ್ಟೆಯ) ಮೇನ್‌ಗೆ ಒಗ್ಗಿದ ಕೈಗೆ ಇದರ ಫ್ಲೇರ್ (ಇಳಿಯುವಾಗ ಬ್ರೇಕ್ ಎಳೆದು ವೇಗ ತಗ್ಗಿಸುವುದು) ಬೇರೆಯೇ ಅನ್ನಿಸುತ್ತದೆ.

ಬಳಸಿದ ರಿಸರ್ವ್ ಆದರೆ ಪ್ಯಾಕಿಂಗ್ ಕಾರ್ಡ್ ಕೇಳಿ. ಪರ್ಫಾರ್ಮೆನ್ಸ್ ಡಿಸೈನ್ಸ್ ಕಂಪನಿಯ ರಿಸರ್ವ್‌ಗಳ ಮೇಲೆ ಪ್ರತಿ ಪ್ಯಾಕಿಂಗ್ ಮತ್ತು ಬಳಕೆಯನ್ನು ಗುರುತು ಹಾಕುವ ಚೌಕಗಳಿರುತ್ತವೆ. 40 ಪ್ಯಾಕಿಂಗ್ ಅಥವಾ 25 ಬಳಕೆ ಆದ ಮೇಲೆ ಅದು ಪರೀಕ್ಷೆಗೆ ಕಾರ್ಖಾನೆಗೆ ಹೋಗಬೇಕು. 38 ಚೌಕ ತುಂಬಿದ್ದನ್ನು ‘ಹೊಸದರಂತಿದೆ’ ಎಂದು ಮಾರುವುದುಂಟು. ರಿಸರ್ವ್ ಅನ್ನು ಮಡಚಬೇಕಾದವರು ರಿಗ್ಗರ್ ಮಾತ್ರ. ಅಮೆರಿಕದ ನಿಯಮದಲ್ಲಿ ಪ್ರತಿ 180 ದಿನಕ್ಕೊಮ್ಮೆ ಬಿಚ್ಚಿ ಮರುಪ್ಯಾಕ್ ಮಾಡಲೇಬೇಕು.

ಹಾರ್ನೆಸ್

ಉದ್ದ ನೋಡಿ ಹಾರ್ನೆಸ್ ಕೊಳ್ಳುವುದು ಅಂಗಿ ಕೊಂಡಂತಲ್ಲ. ಎರಡು ಇಂಚು ಹೆಚ್ಚಾದರೆ ಹ್ಯಾಂಡಲ್‌ಗಳೇ ಜಾಗ ಬಿಡುತ್ತವೆ. ಹಾಕಿಕೊಂಡು, ಕಾಲಿನ ಪಟ್ಟಿ ಮತ್ತು ಎದೆ ಪಟ್ಟಿ ಬಿಗಿದು, ರೈಸರ್‌ಗಳಿಂದ (ಹಾರ್ನೆಸ್ ಅನ್ನು ಲೈನ್‌ಗಳಿಗೆ ಸೇರಿಸುವ ಪಟ್ಟಿಗಳಿಂದ) ತೂಗುಬಿದ್ದು ನೋಡಿ. ನೆಲದ ಮೇಲೆ ನಿಂತಾಗ ಸರಿಯಿದ್ದದ್ದು ತೂಗಿದಾಗ ಬದಲಾಗುತ್ತದೆ. ರೈಸರ್ ಸೇರುವ ದೊಡ್ಡ ಉಂಗುರಗಳು ಕೊರಳೆಲುಬಿನ ಕೆಳಗೆ ನಿಲ್ಲಬೇಕು. ಅವು ಕೆನ್ನೆಯ ಹತ್ತಿರ ಏರಿದರೆ, ಎದೆ ಪಟ್ಟಿ ಗಂಟಲಿಗೆ ಬಂದರೆ, ಮುಖ್ಯ ಪಟ್ಟಿ ಉದ್ದವಾಯಿತು ಎಂದರ್ಥ. ಗಿಡ್ಡವಾದರೆ ಬೆನ್ನು ಬಗ್ಗಿ ತೊಡೆಸಂದು ಕೊರೆಯುತ್ತದೆ. ತೂಗುತ್ತಿರುವಾಗಲೇ ಕಣ್ಣು ಮುಚ್ಚಿ ಕಟ್‌ಅವೇ ಹ್ಯಾಂಡಲ್ (ಕೆಟ್ಟ ಮೇನ್ ಅನ್ನು ಕಳಚುವ ಹಿಡಿ), ನಂತರ ರಿಸರ್ವ್ ಹ್ಯಾಂಡಲ್ ಮುಟ್ಟಿ. ಮೊದಲ ಸಲವೇ ಕೈಗೆ ಸಿಗಬೇಕು. ಹಾರ್ನೆಸ್ ಗಾತ್ರ ಬದಲಿಸುವುದು ಸಾಮಾನ್ಯ ಹೊಲಿಗೆ ಕೆಲಸವಲ್ಲ, ಉನ್ನತ ದರ್ಜೆಯ ರಿಗ್ಗರ್ ಅಥವಾ ತಯಾರಕರೇ ಮಾಡಬೇಕು. ಆ ಖರ್ಚನ್ನು ಬೆಲೆಗೆ ಸೇರಿಸಿ ಲೆಕ್ಕ ಹಾಕಿ.

ಮೊದಲ ಸೆಟ್‌ನಲ್ಲಿ ಆರ್‌ಎಸ್‌ಎಲ್ ಇರಲೇಬೇಕು: ಮೇನ್ ಕಳಚಿಬಿಟ್ಟಾಗ ಹಾರಿಹೋಗುವ ರೈಸರ್ ರಿಸರ್ವ್ ಪಿನ್ ಎಳೆಯುತ್ತದೆ. ಸ್ಕೈಹುಕ್‌ನಂಥ ಎಂಎಆರ್‌ಡಿ ಇದ್ದರೆ ಹೋಗುತ್ತಿರುವ ಮೇನ್ ರಿಸರ್ವ್‌ನ ಚೀಲವನ್ನೇ ಎಳೆದು ತೆಗೆಯುತ್ತದೆ, ಎತ್ತರ ಇನ್ನಷ್ಟು ಉಳಿಯುತ್ತದೆ.

ಎಎಡಿ

ಸೈಪ್ರೆಸ್ ಎಂಬ ಎಎಡಿಯ ಎಕ್ಸ್‌ಪರ್ಟ್ ಮಾದರಿ ಸುಮಾರು 225 ಮೀಟರ್, ಅಂದರೆ 750 ಅಡಿಯಲ್ಲಿ, ಸೆಕೆಂಡಿಗೆ 35 ಮೀಟರ್‌ಗಿಂತ ವೇಗವಾಗಿ ಬೀಳುತ್ತಿದ್ದರೆ ರಿಸರ್ವ್ ಅನ್ನು ಮುಚ್ಚಿಟ್ಟಿರುವ ಲೂಪ್ ಕತ್ತರಿಸುತ್ತದೆ. ವಿದ್ಯಾರ್ಥಿ ಮಾದರಿಯ ಮಿತಿ ಸೆಕೆಂಡಿಗೆ 13 ಮೀಟರ್ ಮಾತ್ರ. ಚುರುಕಾದ ಕ್ಯಾನಪಿಯಲ್ಲಿ ಕೆಳಮಟ್ಟದಲ್ಲಿ ಸುತ್ತು ಹೊಡೆದರೆ ಅಷ್ಟು ವೇಗ ಬಂದುಬಿಡಬಹುದು, ಎರಡು ಕ್ಯಾನಪಿ ಒಟ್ಟಿಗೆ ತೆರೆದುಕೊಳ್ಳಬಹುದು. ಶಾಲೆಯಿಂದ ಹೊರಬಿದ್ದ ಹಳೆಯ ಎಎಡಿ ಅಗ್ಗಕ್ಕೆ ಸಿಕ್ಕರೆ ಯಾವ ಮಾದರಿ ಎಂದು ಮೊದಲು ನೋಡಿ. ಎಎಡಿಗಳಿಗೆ ಆಯುಷ್ಯವೂ ಸರ್ವೀಸ್ ದಿನಾಂಕವೂ ಇರಬಹುದು. ತಯಾರಾದ ತಿಂಗಳು ನೋಡಿ, ಉಳಿದ ವರ್ಷಗಳಿಗೆ ತಕ್ಕ ಬೆಲೆ ಕೊಡಿ. ಹಾರುವ ಜಾಗದಲ್ಲೇ ಆನ್ ಮಾಡಬೇಕು, ಏಕೆಂದರೆ ಅದು ಅಲ್ಲಿನ ನೆಲವನ್ನೇ ಸೊನ್ನೆ ಎಂದು ಹಿಡಿಯುತ್ತದೆ. ಮನೆಯಲ್ಲಿ ಆನ್ ಮಾಡಿ ಕಾರಿನಲ್ಲಿ ತಂದಿದ್ದರೆ ಆಫ್ ಮಾಡಿ ಮತ್ತೆ ಆನ್ ಮಾಡಿ.

ಮೇನ್ ಅಳತೆ

ಲೆಕ್ಕ ಸುಲಭ: ನಿಮ್ಮ ತೂಕ, ಬಟ್ಟೆ, ಸೆಟ್ ಎಲ್ಲ ಸೇರಿಸಿ ಪೌಂಡ್‌ನಲ್ಲಿ ಬರೆದು, ಕ್ಯಾನಪಿಯ ಚದರ ಅಡಿಯಿಂದ ಭಾಗಿಸಿ. ಅದೇ ವಿಂಗ್ ಲೋಡಿಂಗ್. 70 ಕೆಜಿ ಮನುಷ್ಯ, 12 ಕೆಜಿ ಸಾಮಾನು: 82 ಕೆಜಿ, ಅಂದರೆ 181 ಪೌಂಡ್. 210 ಚದರ ಅಡಿಗೆ 0.86, 190ಕ್ಕೆ 0.95, 170ಕ್ಕೆ 1.06, 150ಕ್ಕೆ 1.21. ಮೊದಲ ಸೆಟ್‌ಗೆ 1.0 ದಾಟಬೇಡಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಈ ವ್ಯಕ್ತಿಗೆ 190 ಸಾಕಷ್ಟು ಚುರುಕು.

ಇಲ್ಲೊಂದು ಗುಂಡಿ ಇದೆ. 50 ಕೆಜಿ ತೂಕದವರ ಒಟ್ಟು 61 ಕೆಜಿ, 134 ಪೌಂಡ್. ಲೆಕ್ಕದ ಪ್ರಕಾರ 135 ಚದರ ಅಡಿಗೂ 1.0 ಒಳಗೇ ಬರುತ್ತದೆ. ಆದರೆ ಕ್ಯಾನಪಿ ಚಿಕ್ಕದಾದಂತೆ ಲೈನ್‌ಗಳೂ ಗಿಡ್ಡವಾಗುತ್ತವೆ, ಒಂದೇ ಲೋಡಿಂಗ್‌ನಲ್ಲಿ ಚಿಕ್ಕದು ದೊಡ್ಡದಕ್ಕಿಂತ ಬೇಗ ತಿರುಗಿ ಬೇಗ ಎತ್ತರ ಕಳೆಯುತ್ತದೆ. ಹಗುರ ಮೈಯವರು 0.8ರ ಆಸುಪಾಸು ಇಟ್ಟುಕೊಂಡು 160-170ರಿಂದ ಶುರು ಮಾಡುವುದು ವಾಸಿ. ಮೊನಚು ಆಕಾರದ ಕ್ಯಾನಪಿ ಈ ಹಂತದಲ್ಲಿ ಬೇಡವೇ ಬೇಡ. ಚೆನ್ನಾಗಿ ತೆರೆದ ಕ್ಯಾನಪಿಯಡಿಯೇ, ನೆಲದ ಹತ್ತಿರ ಗಾಬರಿಯಿಂದ ತಿರುಗಿಸಿ ಸತ್ತವರು ಈ ಕ್ರೀಡೆಯಲ್ಲಿ ಕಡಿಮೆಯಿಲ್ಲ.

ಬಳಸಿದ ಮೇನ್ ಪರೀಕ್ಷೆ

ಸ್ಪೆಕ್ಟ್ರಾ ಎಂಬ ನೂಲಿನ ಲೈನ್‌ಗಳು ಸ್ಲೈಡರ್ (ತೆರೆಯುವಾಗ ಲೈನ್‌ಗಳ ಮೇಲೆ ಜಾರಿ ಇಳಿಯುವ ಬಟ್ಟೆ) ಉಜ್ಜುವ ಬಿಸಿಗೆ ಕ್ರಮೇಣ ಕುಗ್ಗುತ್ತವೆ, ಬ್ರೇಕ್ ಲೈನ್ ಎಲ್ಲಕ್ಕಿಂತ ಹೆಚ್ಚು. ಕುಗ್ಗಿದಾಗ ಟಾಗಲ್ (ಬ್ರೇಕ್ ಲೈನಿನ ಹಿಡಿ) ಪೂರ್ತಿ ಮೇಲಿದ್ದರೂ ಕ್ಯಾನಪಿಯ ಬಾಲ ಕೆಳಗೆ ಎಳೆದುಕೊಂಡಿರುತ್ತದೆ. ಹಾರುವಾಗ ಟಾಗಲ್ ಕೈಯಲ್ಲೇ ಇಟ್ಟುಕೊಂಡು ಎತ್ತರದಲ್ಲಿ ಮುಂದಿನ ರೈಸರ್ ಎಳೆಯಿರಿ. ಕ್ಯಾನಪಿ ಕುದುರೆಯಂತೆ ಜಗ್ಗಿದರೆ ಬ್ರೇಕ್ ಲೈನ್ ಗಿಡ್ಡವಾಗಿದೆ. ಸರಿಯಿದ್ದರೆ ಬ್ರೇಕ್ ಲೈನ್ ಹಿಂದಕ್ಕೆ ಬಿಲ್ಲಿನಂತೆ ಬಾಗಿರುತ್ತದೆ. ವೆಕ್ಟ್ರಾನ್ ಮತ್ತು ಎಚ್‌ಎಂಎ ನೂಲಿನ ಲೈನ್‌ಗಳು ಕುಗ್ಗುವುದಿಲ್ಲ, ಆದರೆ ಸವೆದು, ಮುನ್ಸೂಚನೆ ಹೆಚ್ಚಿಲ್ಲದೆ ತುಂಡಾಗುತ್ತವೆ. ಅವನ್ನು ಜಂಪ್ ಸಂಖ್ಯೆ ಲೆಕ್ಕವಿಟ್ಟು ಬದಲಿಸಬೇಕು.

ಬೆಳಕಿಗೆ ಹಿಡಿದು ಬಟ್ಟೆ ನೋಡಿ: ಲೈನ್ ಜೋಡಣೆಯ ಹತ್ತಿರ ಹೊಲಿಗೆ ಹಿಗ್ಗಿದೆಯೇ, ತೇಪೆ ಯಾರು ಹಾಕಿದ್ದು. ಸ್ಲೈಡರ್‌ನ ಲೋಹದ ಉಂಗುರಗಳ ಒಳಗೆ ಬೆರಳಾಡಿಸಿ. ಗೀರು ಸಿಕ್ಕರೆ ಅದು ಪ್ರತಿ ಜಂಪಿನಲ್ಲೂ ಲೈನ್ ಕೊಯ್ಯುತ್ತದೆ. ಪೈಲಟ್ ಚೂಟ್‌ನ (ಮೇನ್ ಅನ್ನು ಹೊರಗೆಳೆಯುವ ಪುಟ್ಟ ಪ್ಯಾರಾಚೂಟ್‌ನ) ಒಳಲೈನ್ ಕೂಡ ಕುಗ್ಗುತ್ತದೆ, ಆಗ ಅದು ಪೂರ್ತಿ ಉಬ್ಬದೆ ತೆರೆಯುವಿಕೆ ತಡವಾಗುತ್ತದೆ. ಪೈಲಟ್ ಚೂಟ್ ಇಡುವ ಸ್ಥಿತಿಸ್ಥಾಪಕ ಜೇಬು ಸಡಿಲವಾಗಿದ್ದರೆ ಬದಲಿಸಿ: ವಿಮಾನದ ಬಾಗಿಲಲ್ಲೇ ಅದು ಜಾರಿ ಹೊರಬಂದರೆ ಅಪಾಯ ನಿಮ್ಮೊಬ್ಬರಿಗಲ್ಲ, ವಿಮಾನದಲ್ಲಿದ್ದವರಿಗೆಲ್ಲ. ಕ್ಲೋಸಿಂಗ್ ಲೂಪ್‌ನ (ಕಂಟೇನರ್ ಮುಚ್ಚಿಡುವ ಕುಣಿಕೆಯ) ನೂಲು ಎದ್ದಿದ್ದರೆ, ಪಿನ್ ಸಲೀಸಾಗಿ ಜಾರುತ್ತಿದ್ದರೆ ಹೊಸ ಲೂಪ್ ಹಾಕಿ. ಅಗ್ಗದ ಭಾಗ ಇದೇ, ಜನ ಮುಂದೂಡುವುದೂ ಇದನ್ನೇ.

ಮೇನ್ ಕಳಚುವ ಮೂರು ಉಂಗುರದ ಬಿಡುಗಡೆ ವ್ಯವಸ್ಥೆಯನ್ನು ತಿಂಗಳಿಗೊಮ್ಮೆ ಬಿಚ್ಚಿ, ಪಟ್ಟಿಯನ್ನು ಬಗ್ಗಿಸಿ ಗಡಸು ಹೋಗಲಾಡಿಸಿ, ಕಟ್‌ಅವೇ ಹ್ಯಾಂಡಲ್‌ನ ಹಳದಿ ಕೇಬಲ್ ಒರೆಸಿ. ಮರುಜೋಡಿಸುವಾಗ ಪ್ರತಿ ಉಂಗುರ ತನ್ನ ಪಕ್ಕದ ಒಂದೇ ಉಂಗುರದೊಳಗೆ ಹಾಯಬೇಕು. ಬಿಳಿ ಲೂಪ್ ಅತಿ ಚಿಕ್ಕ ಉಂಗುರವನ್ನು ಮಾತ್ರ ಹಿಡಿದು ಒಳಗಿನ ರಂಧ್ರ ದಾಟಬೇಕು, ಕೇಬಲ್ ಆ ಲೂಪಿನೊಳಗೆ. ಮೊದಲ ಸಲ ರಿಗ್ಗರ್ ಎದುರೇ ಮಾಡಿ.

ಹೊಸ ಸೆಟ್‌ನ ಮೊದಲ ಜಂಪ್‌ಗಳು

ಪ್ಯಾಕ್ ಮಾಡುವಾಗ ಪೈಲಟ್ ಚೂಟ್‌ನ ಒಳಲೈನ್ ಎಳೆದು ಸಜ್ಜುಗೊಳಿಸಿ. ಬ್ರೈಡಲ್‌ನ (ಪೈಲಟ್ ಚೂಟನ್ನು ಮೇನ್‌ಗೆ ಸೇರಿಸುವ ಪಟ್ಟಿಯ) ಕಿಂಡಿಯಲ್ಲಿ ಬಣ್ಣ ಕಾಣಬೇಕು. ಹಾಕಿಕೊಳ್ಳುವ ಮೊದಲು, ವಿಮಾನ ಹತ್ತುವ ಮೊದಲು, ಬಾಗಿಲು ತೆರೆಯುವ ಮೊದಲು, ಹೀಗೆ ಮೂರು ಸಲ ಪರೀಕ್ಷೆ: ಎದುರುಗಡೆ ಮೂರು ಉಂಗುರ ಮತ್ತು ಆರ್‌ಎಸ್‌ಎಲ್, ಮೂರು ಪಟ್ಟಿ, ಮೂರು ಹ್ಯಾಂಡಲ್, ಬೆನ್ನಿನ ಕಡೆ ಮೇಲಿಂದ ಕೆಳಗೆ ರಿಸರ್ವ್ ಪಿನ್, ಅದರ ಸೀಲು, ಎಎಡಿ ಆನ್, ಮೇನ್ ಪಿನ್, ಬ್ರೈಡಲ್ ಹಾದಿ, ಪೈಲಟ್ ಚೂಟ್. ಬ್ರೈಡಲ್ ಪಟ್ಟಿಯಡಿ ಸಿಕ್ಕಿಕೊಂಡಿದ್ದರೆ ಪೈಲಟ್ ಚೂಟ್ ಬಿಟ್ಟರೂ ಪಿನ್ ಬರುವುದಿಲ್ಲ.

ಮೊದಲ ಮೂರ್ನಾಲ್ಕು ಜಂಪ್ ಒಂಟಿಯಾಗಿ ಹಾರಿ, 5,000 ಅಡಿಗೇ ತೆರೆಯಿರಿ, ವಿಮಾನದಲ್ಲೂ ಡ್ರಾಪ್ ಝೋನ್‌ನಲ್ಲೂ ಮೊದಲೇ ತಿಳಿಸಿ. 2,500 ಅಡಿಯ ಮೇಲೆ ಐದು ಪೂರ್ಣ ಫ್ಲೇರ್ ಮಾಡಿ, ಟಾಗಲ್ ಎಲ್ಲಿವರೆಗೆ ಬಂದಾಗ ಕ್ಯಾನಪಿ ನಿಲ್ಲುತ್ತದೆ ಎಂದು ಗುರುತಿಡಿ. ಎರಡೂ ಹಿಂದಿನ ರೈಸರ್‌ಗಳಿಂದ ಒಂದೊಂದು ತಿರುವು, ಅರ್ಧ ಬ್ರೇಕಿನಲ್ಲಿ ಎರಡು. ಆ ಮೇಲೆ ಕೆಳಗಿಳಿಯುವ ದಾರಿಯನ್ನು ಹಳೆಯ ಕ್ಯಾನಪಿಗಿಂತ ಎತ್ತರದಿಂದಲೇ ಆರಂಭಿಸಿ, ಗಾಳಿ ಜೋರಾದ ದಿನ ಇದನ್ನು ಮಾಡಬೇಡಿ.