ಮಕ್ಕಳಿಗೆ ಸಾಮಾನು ತರಲು ಹೇಳುವಾಗ ಹೀಗೆ ಮಾಡಿ ನೋಡಿ

ಮೊನ್ನೆ ಮಗನನ್ನು ಇಲ್ಲೇ ಕಲಬುರಗಿ ಸೂಪರ್ ಮಾರ್ಕೆಟ್‌ಗೆ ಕಳಿಸಿದ್ದೆ. ತೊಗರಿಬೇಳೆ, ಶೇಂಗಾ, ಜೋಳದ ಹಿಟ್ಟು, ಪುಟಾಣಿ, ಬೆಲ್ಲ, ಜೀರಿಗೆ ಅಂತ ಬಾಗಿಲಲ್ಲೇ ನಿಂತು ಒಂದೇ ಉಸಿರಿಗೆ ಹೇಳಿದೆ. ದಾರಿಯಲ್ಲಿ ಗೆಳೆಯ ಸಿಕ್ಕು ಮಾತಾಡಿಸಿದ, ಚೀಲದಲ್ಲಿ ಬಂದದ್ದು ಬೇಳೆ, ಬೆಲ್ಲ ಎರಡೇ. ಬೈದೆ. ಆಮೇಲೆ ಬೇಜಾರಾಯಿತು, ತಪ್ಪು ಅವನದಲ್ಲ.

ಆ ಕ್ಷಣಕ್ಕೆ ಬೇಕಾದ್ದನ್ನು ಹಿಡಿದಿಟ್ಟುಕೊಳ್ಳಲು ತಲೆಯಲ್ಲಿರುವ ಜಾಗವೇ ಚಿಕ್ಕದು. ಅಲ್ಲಿ ಒಮ್ಮೆಗೆ ಎಷ್ಟು ವಿಷಯ ಹಿಡಿಯುತ್ತದೆ ಅಂದರೆ, 1956ರಲ್ಲಿ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ ಸುಮಾರು 7 ಅಂದಿದ್ದರು, 2001ರಲ್ಲಿ ಇನ್ನೊಬ್ಬ ಮನಶ್ಶಾಸ್ತ್ರಜ್ಞ ನೆಲ್ಸನ್ ಕೋವನ್ 4ರ ಆಸುಪಾಸು ಅಂದರು. ಕೇಳಿದ್ದನ್ನು ನಾವು ಮನಸ್ಸಿನಲ್ಲೇ ಮತ್ತೆ ಮತ್ತೆ ಹೇಳಿಕೊಂಡು ಉಳಿಸಿಕೊಳ್ಳುತ್ತೇವೆ, ಅದಕ್ಕೇ ಅಂತ ನೆನಪಿನಲ್ಲಿ ಒಂದು ಭಾಗ ಇದೆ ಅನ್ನುವುದು 1974ರಲ್ಲಿ ಬ್ಯಾಡ್ಲಿ ಮತ್ತು ಹಿಚ್ ಎಂಬ ಮನಶ್ಶಾಸ್ತ್ರಜ್ಞರು ಕೊಟ್ಟ ವಿವರಣೆಯಿಂದ ಬೆಳೆದ ವಿಚಾರ. ನಡುವೆ ಯಾರಾದರೂ ಮಾತಾಡಿಸಿದರೆ ಆ ಹೇಳಿಕೊಳ್ಳುವುದು ನಿಂತುಹೋಗುತ್ತದೆ, ಅಲ್ವಾ?

ಅದಕ್ಕೆ ಈಗ ಗುಂಪು ಮಾಡಿ ಹೇಳುತ್ತೇನೆ. ಶೇಂಗಾ, ಪುಟಾಣಿ ಚಟ್ನಿಗೆ, ಬೇಳೆ, ಜೀರಿಗೆ ಸಾರಿಗೆ, ಬೆಲ್ಲ ಚಹಾಕ್ಕೆ, ಹಿಟ್ಟು ರೊಟ್ಟಿಗೆ. ಆರು ಸಾಮಾನು ನಾಲ್ಕೇ ಗುಂಪಾಯಿತು. 10 ಅಂಕಿಯ ಮೊಬೈಲ್ ನಂಬರನ್ನೂ 3, 3, 4 ಅಂತ ಒಡೆದು ಹೇಳಿ. ನಾಲ್ಕು ಗುಂಪಿಗಿಂತ ಜಾಸ್ತಿ ಆದರೆ ಸುಮ್ನೆ ಒಂದು ಚೀಟಿ ಬರೆದು ಕೈಗೆ ಕೊಡಿ, ಮಕ್ಕಳನ್ನು ಬೈಯಬೇಡಿ.