ತಗ್ಗಿಸಿದ ಪದ್ಮಿನಿಯಲ್ಲಿ ಆಗುಂಬೆ ಇಳಿದೆ

"ಮಲ್ನಾಡಲ್ಲಿ ಇದ್ಕೊಂಡು ಗಾಡಿ ತಗ್ಗಿಸ್ತೀಯಾ? ತಲೆ ನೆಟ್ಟಗಿದ್ಯಾ ಮಾರಾಯ?" ಶಿವಮೊಗ್ಗದಲ್ಲಿ ನಾನು ವಿಚಾರಿಸಿದ ಐದಾರು ಗ್ಯಾರೇಜಿನಲ್ಲೂ ಇದೇ ಮಾತು. ಹೋದ ತಿಂಗಳು, ನೆಲಕ್ಕೆ ಹತ್ತಿರ ಇಳಿಸಿದ ಅದೇ ಕಾರಿಗೆ ನಾಲ್ಕು ಜನ ಹತ್ತಿ, ಡಿಕ್ಕಿ ತುಂಬ ಸಾಮಾನು ಹೇರಿಕೊಂಡು ಆಗುಂಬೆ ಘಾಟಿಯ 14 ತಿರುವು ಇಳಿದೆವು. ಸೋಮೇಶ್ವರದಲ್ಲಿ ನಿಲ್ಲಿಸಿ ಬ್ರೇಕ್ ಒತ್ತಿ ನೋಡಿದೆ. ಮನೆಯಿಂದ ಹೊರಡುವಾಗ ಪೆಡಲ್ ಎಲ್ಲಿ ನಿಲ್ಲುತ್ತಿತ್ತೋ ಅಲ್ಲೇ ನಿಂತಿತು. ಮೊದಲಾಗಿದ್ದರೆ ಒಂಬತ್ತನೇ ತಿರುವಿಗೇ ಅದು ನೆಲ ಮುಟ್ಟುತ್ತಿತ್ತು.

ಗಾಡಿ 1978ರ ಪ್ರೀಮಿಯರ್ ಪದ್ಮಿನಿ ಕಾರು. ಅಡಿಕೆಗೆ ಒಳ್ಳೆ ರೇಟು ಬಂದ ವರ್ಷ ಅಪ್ಪಯ್ಯ ಸೆಕೆಂಡ್ ಹ್ಯಾಂಡ್ ತಂದಿದ್ದು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಮುಂದೆ ಕಾಯಿಲ್ ಸ್ಪ್ರಿಂಗ್, ಹಿಂದೆ ಪಾಟಾ, ಅಂದರೆ ಉಕ್ಕಿನ ಪಟ್ಟಿ ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್. ಇದನ್ನು ತಗ್ಗಿಸಿ, ಮುಂದಕ್ಕೆ ಡಿಸ್ಕ್ ಬ್ರೇಕ್ ಹಾಕಬೇಕು ಅನ್ನುವುದು ನನ್ನ ಆಸೆ.

ನಾನು ಮಾಡಿದ ಮೊದಲ ತಪ್ಪು, ಬ್ರೇಕ್ ಬಿಟ್ಟು ಮೊದಲು ತಗ್ಗಿಸಲು ಹೋಗಿದ್ದು. ಎರಡನೇ ತಪ್ಪು, ಮುಂದಿನ ಸ್ಪ್ರಿಂಗನ್ನು ಗ್ಯಾಸ್ ಕಟಿಂಗ್‌ನವನ ಕೈಗೆ ಕೊಟ್ಟಿದ್ದು. ಹತ್ತು ನಿಮಿಷದಲ್ಲಿ ಒಂದೂವರೆ ಸುತ್ತು ಹಾರಿಸಿ ಇನ್ನೂರು ರೂಪಾಯಿ ತಗೊಂಡ. ನೋಡಲು ಸಖತ್ತಾಗಿ ಕೂತಿತ್ತು. ಎರಡು ವಾರ ಅಷ್ಟೇ. ಕಾವಿಗೆ ಸ್ಪ್ರಿಂಗಿನ ಹದ ಹೋಗಿ ಬಲಗಡೆ ಕುಸಿಯುತ್ತಾ ಬಂತು. ಮಂಡಗದ್ದೆ ದಾರಿಯಲ್ಲಿ ಒಂದೊಂದು ಹಂಪ್‌ಗೂ ಢಬ್ ಅಂತ ಹೊಡೆತ. ಪಕ್ಕದಲ್ಲಿ ಕೂತ ಹೆಂಡತಿ ಮಾತಾಡಲಿಲ್ಲ, ಅದೇ ಜಾಸ್ತಿ ಭಯ.

ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹೊಸ ಜೋಡಿ ತರಿಸಿದೆ. 2,800 ಆಯಿತು ಅಂತ ನೆನಪು. ಈ ಸಲ ನಾನೇ ಕೂತೆ. ಗ್ರೈಂಡರಿಗೆ ತೆಳು ಕಟಿಂಗ್ ವೀಲ್ ಹಾಕಿ, ನೀರು ಬಿಡುತ್ತಾ, ಒಂದು ಸಲಕ್ಕೆ ಕಾಲು ಸುತ್ತು ಮಾತ್ರ ಕತ್ತರಿಸಿದೆ. ಕತ್ತರಿಸಿ, ಜೋಡಿಸಿ, ಓಡಿಸಿ, ಮತ್ತೆ ಬಿಚ್ಚಿ. ನಾಲ್ಕು ಭಾನುವಾರ ಹೋಯಿತು. ಕೊನೆಗೆ ಒಂದು ಸುತ್ತಿಗಿಂತ ಸ್ವಲ್ಪ ಕಡಿಮೆ ತೆಗೆದಾಗ ಮುಂದೆ ಒಂದೂವರೆ ಇಂಚು ಇಳಿಯಿತು. ಸುತ್ತು ಕಡಿಮೆಯಾದಷ್ಟು ಸ್ಪ್ರಿಂಗ್ ಗಟ್ಟಿಯಾಗುತ್ತೆ, ಹಾಗಾಗಿ ಒಂದೂವರೆ ಇಂಚಿಗೆ ತಳ ಹೊಡೆಯಲಿಲ್ಲ. ಎರಡು ಇಂಚಿಗೆ ಆಸೆ ಪಟ್ಟರೆ ಸೈಲೆನ್ಸರ್ ಮರೆತುಬಿಡಿ.

ಹಿಂದೆ ಇನ್ನೊಂದು ಪುರಾಣ. ಪಾಟಾದಲ್ಲಿ ಒಂದು ಎಲೆ, ಅಂದರೆ ಒಂದು ಪಟ್ಟಿ, ತೆಗೆದರೆ ಸಾಕು ಅಂದರು. ತೆಗೆದೆ. ಇಳಿಯಿತು, ಆದರೆ ಏರಿನಲ್ಲಿ ಫಸ್ಟ್ ಗೇರಿಗೆ ಕ್ಲಚ್ ಬಿಟ್ಟರೆ ಹಿಂದಿನ ಆಕ್ಸಲ್ ಗಡಗಡ ನಡುಗುತ್ತಿತ್ತು. ಪಕ್ಕದ ಮನೆಯವರು ಬೇರೆ ಉಪಾಯ ಹೇಳಿದರು: "ಡಿಕ್ಕಿಯಲ್ಲಿ ಎರಡು ಮೂಟೆ ಅಡಿಕೆ ಒಂದು ತಿಂಗಳು ಇಡು, ತಾನೇ ಇಳಿಯುತ್ತೆ." ಸುಮ್ನೆ ನೋಡೋಣ ಅಂತ ಅದನ್ನೂ ಮಾಡಿದೆ. ಮೂಟೆ ಇಳಿಸಿದ ಮರುದಿನ ಗಾಡಿ ಇದ್ದಲ್ಲಿಗೇ ಎದ್ದಿತ್ತು. ಒಂದು ಮೂಟೆಗೆ ಇಲಿ ಬಿದ್ದಿತ್ತು, ಅಮ್ಮ ಇವತ್ತಿಗೂ ಆಡಿಕೊಳ್ಳುತ್ತಾಳೆ. ಆಮೇಲೆ ತೆಗೆದ ಎಲೆ ವಾಪಸ್ ಹಾಕಿ, ಲಾರಿ ಪಾಟಾ ಕೆಲಸದ ಹಿರಿಯರೊಬ್ಬರ ಹತ್ತಿರ ಹೋದೆ. ಬೆಂಕಿಗೆ ಹಾಕದೆ, ತಣ್ಣಗಿದ್ದ ಹಾಗೇ ಬಡಿದು ಎಲ್ಲಾ ಎಲೆಗಳ ಬಾಗು ಕಡಿಮೆ ಮಾಡಿಕೊಟ್ಟರು. 1,200 ರೂಪಾಯಿ. ಇಡೀ ಕೆಲಸದಲ್ಲಿ ಸಾರ್ಥಕವಾದ ದುಡ್ಡು ಅಂದರೆ ಅದೇ.

ಇಳಿಸಿದ ಮೇಲೆ ಮುಂದಿನ ಟೈರ್ ಒಳಗಡೆ ಸವೆಯಲು ಶುರುವಾಯಿತು. ಅಲೈನ್‌ಮೆಂಟ್ ಅಂಗಡಿಯ ಕಂಪ್ಯೂಟರಿನಲ್ಲಿ ಪದ್ಮಿನಿ ಹೆಸರೇ ಇಲ್ಲ. ಹುಡುಗ ನಕ್ಕ. ಮನೆಗೆ ಬಂದು ದಾರ ಕಟ್ಟಿ, ಟೇಪು ಹಿಡಿದು ನಾನೇ ಮಾಡಿದೆ. ಹತ್ತು ಸಾವಿರ ಕಿಲೋಮೀಟರ್ ಹತ್ತಿರ ಆಯಿತು, ಟೈರ್ ಸಮವಾಗಿ ಸವೆಯುತ್ತಿದೆ. ಆ ಹುಡುಗನಿಗೆ ಒಂದ್ಸಲ ತೋರಿಸಿಕೊಂಡು ಬರಬೇಕು.

ಈಗ ಬ್ರೇಕ್. ಗುಜರಿಯಲ್ಲಿ ಮಾರುತಿ ಜೆನ್ ಕಾರಿನ ಡಿಸ್ಕು, ಅದನ್ನು ಎರಡೂ ಕಡೆಯಿಂದ ಅದುಮಿ ಹಿಡಿಯುವ ಕ್ಯಾಲಿಪರ್ ಸೆಟ್ಟು 3,500ಕ್ಕೆ ಸಿಕ್ಕಿತು. ಪದ್ಮಿನಿಯದು 14 ಇಂಚಿನ ರಿಮ್ ಆದ್ದರಿಂದ ಒಳಗೆ ಜಾಗಕ್ಕೆ ತೊಂದರೆ ಇಲ್ಲ. ಭದ್ರಾವತಿಯಲ್ಲಿ ಲೇತ್‌ಗೆ ಕೊಟ್ಟು ಚಕ್ರ ಕೂರುವ ಹಬ್ ಕಡೆಸಿದೆ. ಕ್ಯಾಲಿಪರ್ ಬ್ರಾಕೆಟ್ಟಿಗೆ ಮೊದಲು 6 ಎಂಎಂ ಪ್ಲೇಟ್ ಹಾಕಿದ್ದು ದಂಡ. ಜೋರಾಗಿ ಒತ್ತಿದರೆ ಬ್ರಾಕೆಟ್ಟೇ ಬಾಗುತ್ತಿತ್ತು, ಕಿರ್ರೋ ಅನ್ನುವ ಸದ್ದು ಬೇರೆ. ಎರಡನೇ ಸಲ 12 ಎಂಎಂ. ಎರಡೂ ಸೇರಿ ನಾಲ್ಕು ಸಾವಿರ ಹೋಯಿತು.

ದುಡ್ಡು ಉಳಿಸಲು, ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳಿಗೆ ತಳ್ಳುವ ಹಳೇ ಮಾಸ್ಟರ್ ಸಿಲಿಂಡರನ್ನೇ ಇಟ್ಟುಕೊಂಡೆ ನೋಡಿ, ಅಲ್ಲಿ ಕೆಟ್ಟೆ. ಡ್ರಮ್ಮಿನ ಮಾಸ್ಟರ್ ಕಾಲು ತೆಗೆದ ಮೇಲೂ ಲೈನಿನಲ್ಲಿ ಸ್ವಲ್ಪ ಪ್ರೆಶರ್ ಹಿಡಿದಿಟ್ಟುಕೊಳ್ಳುತ್ತೆ. ಡ್ರಮ್ಮಿಗೆ ಅದು ಬೇಕು, ಒಳಗೆ ಶೂ ಹಿಂದಕ್ಕೆಳೆಯಲು ಸ್ಪ್ರಿಂಗ್ ಇರುವುದರಿಂದ ಅಷ್ಟಕ್ಕೆ ಬ್ರೇಕ್ ಹಿಡಿದುಕೊಳ್ಳುವುದಿಲ್ಲ. ಡಿಸ್ಕಿಗೆ ಅದೇ ಶಾಪ, ಪ್ಯಾಡ್ ಬಿಡುವುದೇ ಇಲ್ಲ. ತೀರ್ಥಹಳ್ಳಿ ಮುಟ್ಟುವಷ್ಟರಲ್ಲಿ ಸುಟ್ಟ ವಾಸನೆ. ರಿಮ್ ಮೇಲೆ ನೀರು ಹನಿಸಿದರೆ ಚುಂಯ್ ಅಂತಿತ್ತು. ಕ್ಯಾಲಿಪರ್ ಜಾಮ್ ಅಂದುಕೊಂಡು ಎರಡು ಸಲ ಕಿಟ್ ಬದಲಿಸಿದೆ. 900 ರೂಪಾಯಿ ನೀರಿಗೆ.

ಕೊನೆಗೆ ಜೆನ್‌ನದೇ ಎರಡು ಲೈನಿನ ಮಾಸ್ಟರು, ಕಾಲಿನ ಒತ್ತಡಕ್ಕೆ ಬಲ ಕೂಡಿಸುವ ಬೂಸ್ಟರು ತಂದೆ. ಬೂಸ್ಟರ್ ಇಲ್ಲದೆ ಡಿಸ್ಕ್ ಓಡಿಸಿಯೂ ನೋಡಿದ್ದೇನೆ, ಪೆಡಲ್ ಕಲ್ಲು ಒತ್ತಿದ ಹಾಗೆ. ಬೂಸ್ಟರಿಗೆ ಬೇಕಾದ ವ್ಯಾಕ್ಯೂಮ್‌ಗೆ, ಎಂಜಿನ್ನಿಗೆ ಗಾಳಿ ಹೋಗುವ ಮ್ಯಾನಿಫೋಲ್ಡಿನಲ್ಲಿ ತೂತು ಕೊರೆಸಿದೆ. ಒನ್ ವೇ ವಾಲ್ವ್ ಉಲ್ಟಾ ಹಾಕಿ ಒಂದು ದಿನವಿಡೀ ತಲೆ ಕೆರೆದುಕೊಂಡೆ, ಅದನ್ನು ಯಾರಿಗೂ ಹೇಳಿರಲಿಲ್ಲ. ಬೂಸ್ಟರ್ ಎಲ್ಲಿ ಕೂರಿಸಿದೆ, ಪೆಡಲಿಂದ ಅಲ್ಲಿಗೆ ಲಿಂಕ್ ಹೇಗೆ ಕೊಟ್ಟೆ ಅನ್ನುವುದು ನನ್ನ ಹತ್ತಿರವೇ ಇರಲಿ. ಅದಕ್ಕೆ ಮೂರು ತಿಂಗಳು ಕೊಟ್ಟಿದ್ದೇನೆ.

ಇಷ್ಟಾದ ಮೇಲೂ ಮಳೆಯಲ್ಲಿ ಹಿಂದಿನ ಚಕ್ರ ಮೊದಲು ಲಾಕ್ ಆಗುತ್ತಿತ್ತು. ತೋಟದ ದಾರಿಯ ಕೆಂಪು ಮಣ್ಣಿನಲ್ಲಿ ಒಂದು ಸಲ ಗಾಡಿ ಪೂರ್ತಿ ಅಡ್ಡ ತಿರುಗಿ ಚರಂಡಿ ಅಂಚಿಗೆ ನಿಂತಿತು. ಹಿಂದಿನ ಡ್ರಮ್ಮಿಗೆ, ಶೂ ತಳ್ಳುವ ವೀಲ್ ಸಿಲಿಂಡರನ್ನು ಸಣ್ಣ ಬೋರಿನದು ಹಾಕಿ ಹಿಂದಿನ ಹಿಡಿತ ಕಡಿಮೆ ಮಾಡಿದೆ, ಸರಿಹೋಯಿತು. ಯಾವ ಗಾಡಿಯದು ಅಂತ ಕೇಳಬೇಡಿ. ಹೇಳಿದರೆ ನಾಳೆಯಿಂದ ಗುಜರಿಯವರು ರೇಟು ಏರಿಸುತ್ತಾರೆ.

ಬ್ರೇಕ್ ಆಯಿಲ್ ವಿಷಯ ಒಂದು ಹೇಳಲೇಬೇಕು. ಹೊಸ ಡಾಟ್ 4 ಆಯಿಲ್ 230 ಡಿಗ್ರಿವರೆಗೆ ಕುದಿಯುವುದಿಲ್ಲ. ನೀರು ಎಳೆದುಕೊಂಡ ಮೇಲೆ 155ರ ಹತ್ತಿರಕ್ಕೇ ಕುದಿದು ಪೆಡಲ್ ಕುಸಿಯಬಹುದು. ನಮ್ಮ ಕಡೆ ಬೆಂಕಿಪೊಟ್ಟಣವೇ ಮೆತ್ತಗಾಗುತ್ತೆ, ಇನ್ನು ಆಯಿಲ್ ಬಿಡ್ತದಾ? ಮಳೆಗಾಲ ಕಳೆದ ಮೇಲೆ ಪೂರ್ತಿ ಬದಲಿಸುತ್ತೇನೆ. ಅಪ್ಪಯ್ಯನ ಕಾಲದಲ್ಲಿ ಆಗುಂಬೆಯಲ್ಲಿ ಪೆಡಲ್ ನೆಲ ಮುಟ್ಟುತ್ತಿದ್ದುದಕ್ಕೆ ಅರ್ಧ ಕಾರಣ ಡ್ರಮ್ಮಾದರೆ ಇನ್ನರ್ಧ ವರ್ಷಗಟ್ಟಲೆ ಬದಲಿಸದ ಆಯಿಲ್ಲು.

ಒಟ್ಟು ಖರ್ಚು, ದಂಡವಾಗಿದ್ದೂ ಸೇರಿ, 38ರಿಂದ 40 ಸಾವಿರ. ಬೆಂಗಳೂರಿನ ಒಂದು ಅಂಗಡಿಯವರು ಇದಕ್ಕೇ ಒಂದೂಕಾಲು ಲಕ್ಷ ಹೇಳಿದ್ದರು.

ಎಡಗಡೆ ಮುಂದೆ ಬೆಳಗಿನ ಚಳಿಯಲ್ಲಿ ಕುಂಯ್ ಅನ್ನುವ ಸದ್ದು ಇನ್ನೂ ಹೋಗಿಲ್ಲ. ನೈಲಾನ್ ಸರಳು ಕಡೆಸಿ ನಾನೇ ಮಾಡಿದ ಬುಷ್ಷಿನದೇ ಇರಬೇಕು. ಮೊನ್ನೆ ಪೇಟೆಯಲ್ಲಿ ಸಿಕ್ಕಿದ ಗ್ಯಾರೇಜಿನವರೊಬ್ಬರು ಬಗ್ಗಿ ಕೆಳಗೆಲ್ಲ ನೋಡಿದರು. ನನ್ನ ತಲೆ ನೆಟ್ಟಗಿದೆಯಾ ಅಂತ ಕೇಳಿದ್ದವರೇ. ಎದ್ದು ಕೈ ಒರೆಸಿಕೊಳ್ಳುತ್ತಾ, "ಆ ಬ್ರಾಕೆಟ್ ಅಳತೆ ಒಂಚೂರು ಕೊಡಿ ಮಾರಾಯ್ರೆ" ಅಂದರು. 6 ಎಂಎಂದು ಇನ್ನೂ ಮನೆಯಲ್ಲೇ ಬಿದ್ದಿದೆ, ಮೊದಲು ಅದನ್ನು ತಗೊಂಡು ಹೋಗಿ ಅಂದೆ.